ಅಂತರಘಟ್ಟಮ್ಮನ ಬಾಯಿ

ಚಟ್ಟದ ಅಡ್ಡಬಿದಿರಿಗೆ ಹಗ್ಗ ಸುತ್ತಿ, ಮಂಡಿಯೂರಿ ಕೂತು, ತಿಪ್ಪೇಶಪ್ಪ ಎರಡೂ ಕೈಯಿಂದ ಎಳೆದು ಗಂಟು ಬಿಗಿದ. ಎದ್ದು ನಿಂತು ಒಂದು ಮೂಲೆ ಹಿಡಿದು ಅಲ್ಲಾಡಿಸಿ ನೋಡಿದ. ಎಲ್ಲೋ ಕಿರ್ ಎಂದಿತು. ಮತ್ತೆ ಕೂತು ಆ ಗಂಟನ್ನು ಬಿಚ್ಚತೊಡಗಿದ.

"ಸಾಕು ಬಿಡಣ್ಣ," ಎಂದ ಅವನ ತಮ್ಮ ಓಬಣ್ಣ. "ಹೆಂಡ್ತಿ ಚಟ್ಟ ಗಂಡನೇ ಕಟ್ಟೋದು ಎಲ್ಲಾದ್ರೂ ಐತಾ? ನಾವೆಲ್ಲ ಏನು ಸುಮ್ನೆ ನೋಡಾಕೆ ಬಂದೀವಾ?"

"ಅಲ್ಲಾಡ್ತೈತಲ್ಲೋ."

"ಅಲ್ಲಾಡಿದ್ರೆ ಅತ್ತಿಗೆ ಎದ್ದು ಬೈತಾಳೇನು?"

ಅಂದವನೇ ಓಬಣ್ಣ ನಾಲಿಗೆ ಕಚ್ಚಿಕೊಂಡ. ಅಂಗಳದಲ್ಲಿ ಕೂತಿದ್ದವರಲ್ಲಿ ಒಬ್ಬಿಬ್ಬರು ಸುಮ್ಮಸುಮ್ಮನೆ ಕೆಮ್ಮಿದರು. ಎದ್ದು ಬೈದರೂ ಬೈದಾಳು ಎಂದು ಎಲ್ಲರಿಗೂ ಒಂದು ಗಳಿಗೆ ಅನ್ನಿಸಿದ್ದು ನಿಜ. ಗೋಡೆಗೆ ಒರಗಿಸಿ ಕೂರಿಸಿದ್ದ ಅಂತರಘಟ್ಟಮ್ಮನ ತುಟಿ ಕೊಂಚ ತೆರೆದೇ ಇತ್ತು. ಗಲ್ಲಕ್ಕೆ ಬಟ್ಟೆ ಕಟ್ಟಿದ್ದರೂ ಅದು ಪೂರ್ತಿ ಮುಚ್ಚಿರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಸೊಸೈಟಿ ಮುಂದೆ ಸಕ್ಕರೆ ತೂಗುವವನನ್ನು ಬೈಯುತ್ತಿದ್ದಾಗಲೇ ಅವಳು ಎದೆ ಹಿಡಿದುಕೊಂಡು ಕೂತಿದ್ದಳು. ಬೈಗಳು ಅರ್ಧಕ್ಕೆ ನಿಂತಾಗಲೇ ಏನೋ ಆಗಬಾರದ್ದು ಆಗಿದೆ ಎಂದು ಕ್ಯೂನಲ್ಲಿದ್ದವರಿಗೆ ಗೊತ್ತಾಯಿತು. ಅವಳಿಗೆ ಐವತ್ತು ದಾಟಿತ್ತೋ ಇಲ್ಲವೋ.

ಎಂಬತ್ತಾರನೆಯ ಇಸವಿಯ ಜನವರಿ. ನಲ್ಲೂರಿನಿಂದ ಕತ್ತಲಗೆರೆ ಕಡೆ ಹೋಗುವ ರಸ್ತೆ ಬಿಟ್ಟು ಒಂದಿಷ್ಟು ಒಳಗೆ ನಡೆದರೆ ಸಿಗುವ ಆ ಊರಿನ ಸುತ್ತ ಚಾನಲ್ ನೀರು ಹರಿದು, ಬೇಸಿಗೆ ಬೆಳೆಯ ನಾಟಿ ನಡೆದಿತ್ತು. ನಾಟಿ ಬಿಟ್ಟು ಮಣ್ಣಿಗೆ ಬಂದ ಜನ ಕಾಲಿಗೆ ಮೆತ್ತಿದ ಕೆಸರನ್ನೂ ತೊಳೆದುಕೊಳ್ಳದೆ ಅಂಗಳದಲ್ಲಿ ಕೂತಿದ್ದರು.

ಓಬಣ್ಣ ಅಣ್ಣನ ಪಕ್ಕ ಕುಕ್ಕುರುಗಾಲಲ್ಲಿ ಕೂತು ದನಿ ತಗ್ಗಿಸಿದ.

"ಅಣ್ಣ, ಒಂದು ಮಾತು. ಗುಣಿ ತೋಡಾಕೆ ಬೆಳಿಗ್ಗೆ ಹೋಗಿದ್ವಲ್ಲ, ದಾರಿಗೆ ಬೇಲಿ ಬಿದ್ದೈತೆ."

"ಎಲ್ಲಿ?"

"ಎಲ್ಲಿ ಅಂದ್ರೆ? ಮಹೇಶ್ವರಪ್ಪ ಗೌಡ್ರ ಗದ್ದೆ ಹತ್ರ. ಜಾಲಿಮುಳ್ಳು ತಂದು ಒತ್ತೊತ್ತಾಗಿ ಜಡಿದವ್ರೆ. ನಾಟಿ ಈಗಷ್ಟೇ ಆಗೈತಂತೆ, ಬದು ಹಸಿ ಐತಂತೆ, ಇಷ್ಟು ಜನ ತುಳಿದ್ರೆ ಒಡೆದು ಹೋಗ್ತೈತಂತೆ. ಇದೊಂದು ಸಲ ಚಾನಲ್ ಏರಿ ಮೇಲೆ ಸುತ್ತಾಕ್ಕೊಂಡು ಹೋಗ್ಲಿ ಅಂತ ಗೌಡ್ರು ಹೇಳಿ ಕಳ್ಸವ್ರೆ."

ಕೇರಿಯಿಂದ ಮಣ್ಣು ಮಾಡುವ ಜಾಗಕ್ಕೆ ಹೋಗುವ ದಾರಿ ಅಜ್ಜ ಮುತ್ತಜ್ಜನ ಕಾಲದ್ದು. ಚಾನಲ್ ಬರುವ ಮೊದಲು ಅಲ್ಲಿದ್ದುದು ಬರೀ ಬೆದ್ದಲು. ಯಾರು ಎಲ್ಲಿ ನಡೆದರೂ ಕೇಳುವವರಿರಲಿಲ್ಲ. ನೀರು ಬಂದು, ಬೆದ್ದಲು ಗದ್ದೆಯಾಗಿ, ಗದ್ದೆ ಬಂಗಾರವಾದ ಮೇಲೆ ಆ ದಾರಿ ಮಹೇಶ್ವರಪ್ಪನ ಕಣ್ಣು ಚುಚ್ಚತೊಡಗಿತು. ಕೇರಿಯಲ್ಲಿ ಸಾವಾದಾಗಲೆಲ್ಲ ಅಲ್ಲೊಂದು ಬೇಲಿ ಇರುತ್ತಿತ್ತು. ಅಂತರಘಟ್ಟಮ್ಮ ಹೆಣಕ್ಕಿಂತ ಮುಂಚೆ ಹೋಗಿ, ಬೇಲಿಯ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಲ್ಲುತ್ತಿದ್ದಳು. ಅವಳು ಬಾಯಿ ಬಿಟ್ಟಳೆಂದರೆ ಬೇಲಿ ತೆರೆಯುತ್ತಿತ್ತು. ಏರಿ ಮೇಲಿನ ದಾರಿ ಹಿಡಿದರೆ ತೂಬಿನ ಹತ್ತಿರ ಸೊಂಟಮಟ್ಟದ ನೀರಿಗೆ ಇಳಿಯಬೇಕು. ಹೆಣ ಹೊತ್ತು ಇಳಿಯುವುದು ಹೇಗಿರುತ್ತದೆ ಎಂದು ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಅವಳು ಯಾರನ್ನೂ ಇಳಿಯಲು ಬಿಟ್ಟಿರಲಿಲ್ಲ.

ತಿಪ್ಪೇಶಪ್ಪ ಹಗ್ಗದ ತುದಿಯನ್ನೇ ನೋಡುತ್ತಿದ್ದ.

"ಆತು ಬಿಡು," ಎಂದ. "ಸುತ್ತಾಕ್ಕೊಂಡೇ ಹೋಗಾನ."

ಹೆಣದ ಪಕ್ಕ ಕೂತಿದ್ದ ಮಗಳು ಸುಂಕಲಮ್ಮ ತಲೆ ಎತ್ತಿದಳು. ಜಗಳೂರು ಕಡೆಯ ಊರಿಗೆ ಕೊಟ್ಟಿದ್ದ ಆಕೆ ಮೊದಲ ಬಸ್ಸಿಗೇ ಬಂದಿದ್ದಳು. ಅತ್ತು ಅತ್ತು ದನಿ ಬಿದ್ದಿತ್ತು.

"ಅಪ್ಪಾ, ಇವತ್ತು ಸುತ್ತಾಕ್ಕೊಂಡು ಹೋದ್ರೆ ನಾಳೆಯಿಂದ ಅದೇ ನಿಮ್ಮ ದಾರಿ ಅಂತಾರೆ. ಇಷ್ಟು ವರ್ಷ ಅವ್ವ ಉಳಿಸ್ಕೊಂಡು ಬಂದಿದ್ದು ಅವ್ವನ ಹೆಣದ ಜತಿಗೇ ಹೋಗ್ಬೇಕಾ?"

"ಸಾವಿನ ದಿನ ಜಗಳ ಬ್ಯಾಡ ಕಣವ್ವ."

"ಅವ್ವ ಸಾವಿನ ದಿನಾನೇ ಅಲ್ವಾ ಜಗಳ ಮಾಡ್ತಿದ್ದಿದ್ದು? ಬೇರೆ ಯಾವತ್ತು ಬೇಕು ಆ ದಾರಿ?"

ಸುಂಕಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತಿಪ್ಪೇಶಪ್ಪ ಮತ್ತೆ ಗಂಟಿಗೆ ಕೈಹಾಕಿದ.

* * *

ಊರಿನವರು ಅವನನ್ನು ಮಿಲ್ಟ್ರಿ ತಿಪ್ಪೇಶಪ್ಪ ಅನ್ನುತ್ತಿದ್ದರು. ಅವನು ನೌಕರಿ ಮಾಡಿದ್ದು ನೌಕಾದಳದಲ್ಲಿ, ಅದೂ ಹಡಗಿನ ಮೇಲಲ್ಲ, ಕೊಚ್ಚಿಯಲ್ಲಿ ಹೆಲಿಕಾಪ್ಟರ್ ರಿಪೇರಿ ಮಾಡುವ ಫಿಟ್ಟರ್ ಆಗಿ. ಪಿಂಚಣಿ ಪಡೆದು ಹೆಂಡತಿ ಮಗಳ ಜತೆ ಊರಿಗೆ ಬಂದು ಹತ್ತು ವರ್ಷವಾಗಿತ್ತು. ಮೊದಮೊದಲು ತಿದ್ದಿ ಹೇಳಿದ. ಆಮೇಲೆ "ಹೋಗ್ಲಿ ಬಿಡು" ಎಂದು ಸುಮ್ಮನಾದ. ಅವನು ಇಡೀ ಬದುಕಿನಲ್ಲಿ ಅತಿ ಹೆಚ್ಚು ಆಡಿದ ಮಾತು ಅದೇ ಇರಬೇಕು. ಅಂಗಡಿಯವನು ಹಳಸಿದ ಬೇಳೆ ಕೊಟ್ಟರೂ ಹೋಗ್ಲಿ ಬಿಡು, ಪಕ್ಕದವನು ತೆಂಗಿನಕಾಯಿ ಕಿತ್ತುಕೊಂಡರೂ ಹೋಗ್ಲಿ ಬಿಡು.

ಅಂತರಘಟ್ಟಮ್ಮನಿಗೆ ಬಿಡುವುದು ಗೊತ್ತಿರಲಿಲ್ಲ. ಕೊಚ್ಚಿಯ ಕ್ವಾರ್ಟರ್ಸಿನಲ್ಲಿ ಅವಳು ನೀರು ಬಿಡುವವನ ಜತೆ, ಮೀನು ಮಾರುವವಳ ಜತೆ, ಮೇಲಿನ ಮನೆಯಿಂದ ಬಟ್ಟೆ ನೀರು ಸುರಿಸುವವರ ಜತೆ ಜಗಳವಾಡಿದಳು. ಅವಳಿಗೆ ಮಲೆಯಾಳ ಬಾರದು, ಅವರಿಗೆ ಕನ್ನಡ ಬಾರದು. ಅದರಿಂದ ಯಾರಿಗೂ ತೊಂದರೆಯಾದಂತೆ ಕಾಣಲಿಲ್ಲ. ಮೀನಿನವಳು ಕಡೆಗೆ ಇವಳಿಗೇ ಒಳ್ಳೆಯ ಮೀನು ಎತ್ತಿಟ್ಟು ಕಾಯುತ್ತಿದ್ದಳು.

ಒಂದು ವರ್ಷ, ಎಪ್ಪತ್ತಮೂರೋ ನಾಲ್ಕೋ, ಮನೆಯವರೆಲ್ಲ ಬಂದು ಹೆಲಿಕಾಪ್ಟರ್ ನೋಡಬಹುದು ಎಂದು ಅಪ್ಪಣೆಯಾಯಿತು. ಅಂತರಘಟ್ಟಮ್ಮ ರೇಷ್ಮೆ ಸೀರೆ ಉಟ್ಟುಕೊಂಡು ಹೋದಳು. ರೆಕ್ಕೆ ತಿರುಗಲು ಶುರುವಾದದ್ದೇ ಆ ದೊಡ್ಡ ಯಂತ್ರ ಚಳಿಜ್ವರ ಬಂದವರ ಹಾಗೆ ಅದುರತೊಡಗಿತು. ಅವಳು ಗಂಡನ ತೋಳು ಹಿಡಿದುಕೊಂಡಳು.

"ಇದರೊಳಗೆ ಹೆಂಗ್ರೀ ಕೂರ್ತಾರೆ? ಕರುಳೆಲ್ಲ ಬಾಯಿಗೆ ಬರಾಕಿಲ್ವಾ?"

ಮನೆಗೆ ಬಂದ ಮೇಲೆ ತಿಪ್ಪೇಶಪ್ಪ ವಿವರಿಸಿದ. ಮನೆಯಲ್ಲಿ ಹತ್ತು ಮಾತಿಗೆ ಒಂದು ಮಾತಾಡುವವನು ಈ ವಿಷಯಕ್ಕೆ ಮಾತ್ರ ಹಸೆಯ ಮೇಲೆ ಕಾಲು ಮಡಿಸಿ ಕೂತ.

"ರೆಕ್ಕೆಗಳೆಲ್ಲ ಒಂದೇ ಎತ್ತರದಾಗೆ ಸುತ್ತಬೇಕು. ಒಂದು ಮೇಲೆ, ಒಂದು ಕೆಳಗೆ ಸುತ್ತಿದ್ರೆ ಎಗರಾಡ್ತೈತೆ. ಅದಕ್ಕೆ ಒಂದೊಂದು ರೆಕ್ಕೆ ತುದಿಗೂ ಒಂದೊಂದು ಬಣ್ಣ ಹಚ್ತೀವಿ. ತಿರುಗೋವಾಗ ಉದ್ದ ಕೋಲಿಗೆ ಬಟ್ಟೆ ಕಟ್ಟಿ, ತುದಿ ಸವರೋ ಹಂಗೆ ಹಿಡೀತೀವಿ. ಬಣ್ಣ ಎಲ್ಲ ಒಂದೇ ಕಡೆ ಬಿದ್ರೆ ಸರಿ. ಬೇರೆ ಬೇರೆ ಕಡೆ ಬಿದ್ರೆ ಯಾವುದು ಮೇಲೆ ಹೋಗ್ತೈತೆ ಅಂತ ಗೊತ್ತಾಗ್ತೈತೆ. ಅದನ್ನ ತಿದ್ದೋದು."

"ಆ ಕೋಲು ಹಿಡಿಯೋರು ಯಾರು?"

"ನಾನೇ."

"ತಲೆ ಮೇಲೆ ಅಂಥಾದ್ದು ತಿರುಗೋವಾಗ?"

"ಕೈ ಗಟ್ಟಿ ಇರ್ಬೇಕು ಅಷ್ಟೆ."

ಅದಕ್ಕೆ ಅವಳು ಅವನನ್ನೂ, ಅವನ ಸಾಹೇಬರನ್ನೂ, ಆ ಬಣ್ಣವನ್ನೂ, ಆ ಕೋಲನ್ನೂ ಸಾಲಾಗಿ ಬೈದಳು. ಅವನು ಮುಗಿಯುವವರೆಗೆ ಕಾದ.

"ಅಷ್ಟೆಲ್ಲ ಮಾಡಿದ್ರೂ ನಡುಕ ಪೂರ್ತಿ ಹೋಗಾಕಿಲ್ಲ," ಎಂದ. "ಮುಂದಕ್ಕೆ ಬೀಸೋ ರೆಕ್ಕೆಗೆ ಗಾಳಿ ಜೋರಾಗಿ ತಗಲ್ತೈತೆ, ಹಿಂದಕ್ಕೆ ಹೋಗೋ ರೆಕ್ಕೆಗೆ ಕಮ್ಮಿ. ಸುತ್ತು ಸುತ್ತಿಗೂ ಹೊಡೆತ ಬೀಳ್ತಾನೇ ಇರ್ತೈತೆ. ಅದರ ಹುಟ್ಟುಗುಣ ಅದು. ಅದಕ್ಕೆ ಪೈಲಟ್ ಕೂರೋ ನೆಲದ ಕೆಳಗೆ ಸ್ಪ್ರಿಂಗ್ ಮೇಲೆ ಒಂದು ಸೀಸದ ಗುಂಡು ಕೂರ್ಸಿರ್ತಾರೆ. ನೆಲ ಮೇಲೆ ಎದ್ರೆ ಅದು ಕೆಳಗೆ ಎಳೀತೈತೆ. ನೆಲ ಕೆಳಗೆ ಇಳಿದ್ರೆ ಅದು ಮೇಲಕ್ಕೆ ಎಳೀತೈತೆ. ಗುಂಡಿನ ತೂಕ, ಸ್ಪ್ರಿಂಗಿನ ಬಿಗಿ, ಎರಡೂ ಆ ಹೊಡೆತಕ್ಕೆ ಹೊಂದಂಗೆ ಲೆಕ್ಕ ಹಾಕಿ ಮಾಡಿರ್ತಾರೆ. ನಡುಕಾನೆಲ್ಲ ಅದು ತಗೋತೈತೆ. ಮೇಲಿರೋರ ಕಾಲಡಿ ನೆಲ ಸುಮ್ನೆ ಇರ್ತೈತೆ."

ಅಂತರಘಟ್ಟಮ್ಮ ಹತ್ತಿರಕ್ಕೆ ಸರಿದು ಕೂತಳು.

"ಅಂದ್ರೆ ಅವರು ಆರಾಮಾಗಿ ಕೂರಾಕೆ ಅದೊಂದು ಒಂದೇ ಸಮ ಬಡ್ಕೋಬೇಕು?"

"ಹೂಂ."

"ಯಾರಾದ್ರೂ ನೋಡ್ತಾರಾ ಅದನ್ನ?"

"ನೆಲದ ಕೆಳಗೈತಲ್ಲ. ಯಾರು ನೋಡ್ತಾರೆ?"

"ಪಾಪ ಕಣ್ರೀ," ಎಂದಳು. ಜಗತ್ತಿನಲ್ಲಿ ಅವಳು ಪಾಪ ಅಂದದ್ದು ಕಡಿಮೆ.

ಆಗ ಅವನು ತನ್ನ ಪೆದ್ದುತನವನ್ನೂ ಹೇಳಿದ. ಅಲ್ಲಿಗೆ ಸೇರಿದ ಹೊಸತರಲ್ಲಿ, ಯಂತ್ರ ನೆಲದ ಮೇಲೇ ನಿಂತು ತಿರುಗುತ್ತಿದ್ದಾಗ, ನೆಲದ ತಗಡು ತೆಗೆದು ನೋಡಿದ್ದ. ಸುತ್ತ ಎಲ್ಲ ಸುಮ್ಮನಿರುವಾಗ ಆ ಗುಂಡೊಂದು ಹುಚ್ಚು ಹಿಡಿದ ಹಾಗೆ ಕುಣಿಯುತ್ತಿತ್ತು. ಸ್ಪ್ರಿಂಗು ಸಡಿಲಾಗಿದೆ ಎಂದುಕೊಂಡು, ಯಂತ್ರ ನಿಂತ ಮೇಲೆ ಎರಡೂ ಕಡೆ ರಬ್ಬರು ತುಂಡು ಜಡಿದು ಅಲ್ಲಾಡದಂತೆ ಮಾಡಿದ. ಒಳ್ಳೆಯ ಕೆಲಸ ಮಾಡಿದೆನೆಂದು ಹೊಟ್ಟೆತುಂಬ ಊಟ ಮಾಡಿದ. ಮೇಲಕ್ಕೆ ಹಾರಿದ ಪೈಲಟ್ ಅರ್ಧಕ್ಕೇ ವಾಪಸು ಬಂದ. ಮುಂದಿನ ಮೀಟರುಗಳ ಮುಳ್ಳೇ ಕಾಣುತ್ತಿಲ್ಲ, ಕಣ್ಣುಗುಡ್ಡೆ ಕುಣಿಯುತ್ತಿದೆ ಎಂದು ಕೂಗಾಡಿದ. ಹಿರಿಯ ಫಿಟ್ಟರ್ ತಗಡು ತೆಗೆದು, ರಬ್ಬರು ಕಿತ್ತು ತಿಪ್ಪೇಶಪ್ಪನ ಕೈಗೆ ಕೊಟ್ಟು, "ಅದು ಕೆಟ್ಟಿರಲಿಲ್ಲ, ಕೆಲಸ ಮಾಡ್ತಿತ್ತು" ಎಂದಷ್ಟೇ ಹೇಳಿದ್ದ.

ಅಂತರಘಟ್ಟಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅದರ ಬಾಯಿಗೆ ಬಟ್ಟೆ ತುರುಕಿದ್ರಿ ಅನ್ನಿ!"

* * *

ಹೆಂಗಸರು ಹೆಣಕ್ಕೆ ನೀರು ಹಾಕಿದರು. ಹಣೆಗೆ ಅರಿಶಿನ ಕುಂಕುಮ ಹಚ್ಚಿ, ಹಸಿರು ಬಳೆ ತೊಡಿಸಿದರು. ಬಳೆ ತೊಡಿಸಿದವಳು ಪಕ್ಕದ ಓಣಿಯ ತಾಜ್‌ಬೀ. ಬಳೆ ಮಲಾರ ಹೊತ್ತು ಚನ್ನಗಿರಿ, ಹೊನ್ನಾಳಿಯ ತನಕ ತಿರುಗುವ ಹೆಂಗಸು. ಅಂತರಘಟ್ಟಮ್ಮನ ಜತೆ ವಾರಕ್ಕೊಮ್ಮೆ ಮಾತು ಬಿಟ್ಟು, ಮರುದಿನ ಬಂದು ಎಲೆಅಡಿಕೆ ಕೇಳುವಷ್ಟು ಸ್ನೇಹ. ಸೆಟೆದ ಮುಂಗೈಗೆ ಬಳೆ ಏರಿಸುವಾಗ ಆಕೆ "ಕೈ ಬಿಡೇ, ಕೈ ಸಡಿಲ ಬಿಡೇ" ಎಂದು ಮಾತಾಡಿಸುತ್ತಲೇ ಇದ್ದಳು.

ಸತ್ತವಳ ಅಕ್ಕ ಗಾದ್ರಮ್ಮ ಜಗಳೂರಿನಿಂದ ಸುಂಕಲಮ್ಮನ ಜತೆಗೇ ಬಂದಿದ್ದಳು. ತಿಪ್ಪೇಶಪ್ಪನ ಎದುರು ಕೂತು ಮೂಗು ಒರೆಸಿಕೊಂಡಳು.

"ನೀನಾಗಿದ್ದಕ್ಕೆ ಬಾಳಿಸ್ದೆ ಕಣಪ್ಪ. ಬೇರೆ ಯಾರಾಗಿದ್ರೂ ಇವಳ ಬಾಯಿಗೆ ಹೆದರಿ ತವರಿಗೆ ಅಟ್ಟಿರೋರು. ನಮ್ಮವ್ವಂಗೂ ಇದೇ ಚಿಂತೆ ಇತ್ತು."

"ಒಂದು ದಿನ ದನಿ ಎತ್ತಿದ ಮನುಷ್ಯ ಅಲ್ಲ," ಎಂದರು ಹಿರಿಯರೊಬ್ಬರು. "ಅಂಥ ಸಹನೆ ಎಲ್ಲಿಂದ ಬಂತೋ. ದೇವರಂಥೋನು."

"ದನಿ ಎತ್ತೋ ಕೆಲಸಾನೆಲ್ಲ ಆಕೆಗೇ ಬಿಟ್ಟಿದ್ರಲ್ಲ," ಎಂದಳು ತಾಜ್‌ಬೀ, ಬಳೆಯ ಮೇಲಿನ ಕಣ್ಣು ತೆಗೆಯದೆ. "ದೇವರಾಗಾಕೆ ಇವರಿಗೆ ಬೇಕಾದಷ್ಟು ಪುರುಸೊತ್ತು ಸಿಕ್ತು."

"ಏನಂದೆ?" ಗಾದ್ರಮ್ಮ ತಿರುಗಿದಳು.

"ಇದ್ದಿದ್ದು ಅಂದೆ ಅಕ್ಕ. ಕೇರಿಗೆ ನಲ್ಲಿ ಬಂದಿದ್ದು ಯಾರ ಬಾಯಿಂದ? ನನ್ನ ಗಂಡ ಕುಡಿದು ಬಂದು ಹೊಡೀವಾಗ ಒನಕೆ ಹಿಡ್ಕೊಂಡು ನಮ್ಮ ಬಾಗಿಲಿಗೆ ಯಾರು ಬಂದಿದ್ದು? ಆಕೆ ಬಾಯಿಗೆ ನಾವೆಲ್ಲ ನಗ್ತಿದ್ವಿ. ಆ ಬಾಯಿ ನೆರಳಾಗೇ ಇದ್ವಿ."

ಜಗಳವಾಗುತ್ತದೆ ಎಂದು ಓಬಣ್ಣ ಎದ್ದು ನಿಂತ. ಆದರೆ ಗಾದ್ರಮ್ಮ ಮಾತು ಬೆಳೆಸಲಿಲ್ಲ. ಆಕೆಗೆ ಐದು ವರ್ಷದ ಹಿಂದಿನದು ನೆನಪಾಗಿರಬೇಕು. ತಿಪ್ಪೇಶಪ್ಪನಿಗಂತೂ ನೆನಪಾಯಿತು. ಅವನು ಹಗ್ಗದ ತುದಿಯನ್ನು ಕುಣಿಕೆಯೊಳಗೆ ತೂರಿಸಲು ನೋಡಿದ. ತುದಿ ಆಚೆಗೊಮ್ಮೆ ಈಚೆಗೊಮ್ಮೆ ಹೋಗಿ ಬಿತ್ತು. ಓಬಣ್ಣ ಹಗ್ಗ ಕಸಿದುಕೊಂಡು ತಾನೇ ಕಟ್ಟಿದ.

* * *

ಸುಂಕಲಮ್ಮನಿಗೆ ಗಂಡು ಗೊತ್ತಾದದ್ದು ಗಾದ್ರಮ್ಮನ ಕಡೆಯಿಂದ. ಆಕೆಯೇ ತಿಪ್ಪೇಶಪ್ಪನನ್ನು ಹಿತ್ತಲಿಗೆ ಕರೆದು ಹೇಳಿದ್ದಳು. "ಹುಡುಗನ ಕಡೆಯೋರು ಮೆತ್ತಗಿನ ಜನ. ಇವಳು ಬಾಯಿ ಬಿಟ್ಳು ಅಂದ್ರೆ ಸಂಬಂಧ ಮುರೀತೈತೆ. ಮದುವೆ ಮುಗಿಯೋಗಂಟ ಸುಮ್ನಿರಾಕೆ ಹೇಳಪ್ಪ."

ಅವನು ಹೇಳಿದ. ಮೆಲ್ಲಗೇ ಹೇಳಿದ. "ಮದುವೆ ಮುಗಿಯೋಗಂಟ ಸ್ವಲ್ಪ ಬಾಯಿಗೆ ಬೀಗ ಹಾಕ್ಕೊ. ಮಗಳ ಬಾಳು ನೋಡು."

ಅಂತರಘಟ್ಟಮ್ಮ ಅವನ ಮುಖವನ್ನು ಒಂದು ಸಲ ನೋಡಿದಳು. ಆಮೇಲೆ ನಿಜವಾಗಿಯೂ ಸುಮ್ಮನಾದಳು. ಹೂಂ, ಉಹೂಂ, ಊಟಕ್ಕೆ ಬರ್ರಿ, ಇಷ್ಟೇ. ಮೊದಲ ವಾರ ಮನೆ ತಣ್ಣಗಿತ್ತು. ತಿಪ್ಪೇಶಪ್ಪ ಜಗಲಿ ಮೇಲೆ ಕೂತು, ನೆಮ್ಮದಿ ಅಂದರೆ ಇದು ಎಂದುಕೊಂಡ.

ಎರಡನೆಯ ವಾರ ಸೊಸೈಟಿಯವನು ಸೀಮೆಎಣ್ಣೆ ಮುಗಿದಿದೆ ಎಂದ. ತಿಪ್ಪೇಶಪ್ಪ ಡಬ್ಬ ಹಿಡಿದು ವಾಪಸು ಬಂದ. ಅವನ ತುಂಡು ಗದ್ದೆಗೆ ಬರಬೇಕಾದ ನೀರಿನ ಸರದಿಯನ್ನು ಮೇಲಿನವರು ತಿರುಗಿಸಿಕೊಂಡರು. ಹೋಗ್ಲಿ ಬಿಡು ಎಂದ, ಸಸಿ ಒಣಗಿತು. ಪಕ್ಕದ ಮನೆಯವರು ಗೋಡೆ ಕಟ್ಟುವಾಗ ಒಂದು ಮೊಳ ಈಚೆಗೆ ಬಂದರು. ಹುಡುಗನ ಕಡೆಯ ಆ ಮೆತ್ತಗಿನ ಜನ ಬಂದು ವಾಚು ಅಂದರು, ಅವನು ಆತು ಅಂದ. ಇನ್ನೊಂದು ಸಲ ಬಂದು ಸೈಕಲ್ಲು ಅಂದರು, ಅದಕ್ಕೂ ಆತು ಅಂದ. 'ಇಲ್ಲ' ಎಂಬ ಮಾತು ಅವನ ಬಾಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಇಷ್ಟು ವರ್ಷ ಅದರ ಅಗತ್ಯವೇ ಬಿದ್ದಿರಲಿಲ್ಲವಲ್ಲ. ಮೋಟಾರ್ ಬೈಕ್ ಮಾತು ಬಂದ ದಿನ ಬೆಳಿಗ್ಗೆ ಟೀ ಲೋಟ ಎತ್ತಿದರೆ ಕೈ ಗಡಗಡ ನಡುಗಿ ಪಂಚೆಯ ಮೇಲೆ ಟೀ ಚೆಲ್ಲಿತು.

ಚೆಲ್ಲಿದ ಟೀಯನ್ನು ನೋಡುತ್ತಾ ಕೂತವನಿಗೆ ಕೊಚ್ಚಿಯ ರಬ್ಬರು ತುಂಡು ನೆನಪಾಯಿತು. ಅವತ್ತು ಮಾಡಿದ ತಪ್ಪನ್ನೇ ಮನೆಯಲ್ಲೂ ಮಾಡಿದ್ದ. ಇಷ್ಟು ವರ್ಷ ತಾನು ಶಾಂತ, ಅವಳು ಗಯ್ಯಾಳಿ ಎಂದು ಊರು ಅಂದಿತ್ತು, ತಾನೂ ಒಳಗೊಳಗೇ ಹಾಗೆಂದುಕೊಂಡು ಹಿಗ್ಗಿದ್ದ. ತನ್ನ ಕಾಲಡಿಯ ನೆಲ ಅಲುಗದಿದ್ದುದು ಯಾತರಿಂದ ಎಂದು ತಗಡು ತೆಗೆದು ನೋಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

ಅವಳು ಒಗೆಯುವ ಕಲ್ಲಿನ ಹತ್ತಿರ ಇದ್ದಳು. ಹೋಗಿ ನಿಂತ.

"ಮಾತಾಡೇ."

ಅವಳು ಬಟ್ಟೆ ಕುಕ್ಕುತ್ತಲೇ ಇದ್ದಳು.

"ಮಾತಾಡು ಮಾರಾಯ್ತಿ. ನಾನು ಹಂಗಂದಿದ್ದು ತಪ್ಪಾತು."

"ಬೈಕ್ ಕೊಡ್ತೀನಿ ಅಂದ್ರಾ?"

"ಇನ್ನೂ ಅಂದಿಲ್ಲ. ಮಧ್ಯಾಹ್ನ ಬರ್ತಾರೆ."

ಅಂತರಘಟ್ಟಮ್ಮ ಬಟ್ಟೆ ಹಿಂಡಿ, ಒದರಿ, ಹಗ್ಗಕ್ಕೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬರ್ಲಿ," ಎಂದಳು. ಅಷ್ಟು ಚಂದದ ಮಾತು ಅವನು ಜನ್ಮದಲ್ಲಿ ಕೇಳಿರಲಿಲ್ಲ.

ಮಧ್ಯಾಹ್ನ ಬಂದವರು ಬೈಕಿನ ಜತೆಗೆ ವಾಚು, ಸೈಕಲ್ಲನ್ನೂ ಮರೆತು ಹೋದರು. ಸಂಬಂಧ ಮುರಿಯಲಿಲ್ಲ. ಹುಡುಗನಿಗೆ ಅತ್ತೆ ಎಂದರೆ ಕೊನೆಯವರೆಗೂ ಭಯ, ಆ ಭಯದಲ್ಲೇ ಸುಂಕಲಮ್ಮ ಸುಖವಾಗಿ ಬಾಳಿದಳು.

* * *

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೆಣ ಎತ್ತಿದರು. ಮುಂದೆ ಹಲಗೆ ಬಡಿಯುವವರು, ಹಿಂದೆ ಚಟ್ಟಕ್ಕೆ ಹೆಗಲು ಕೊಟ್ಟ ಓಬಣ್ಣ ಮತ್ತು ಇತರರು, ಅದರ ಹಿಂದೆ ಹೆಂಗಸರು. ತಿಪ್ಪೇಶಪ್ಪ ಮಂಡಕ್ಕಿ ಎರಚುತ್ತಾ ನಡೆದ.

ಕೇರಿ ದಾಟಿದ ಮೇಲೆ ದಾರಿ ಕವಲಾಗುತ್ತದೆ. ಎಡಕ್ಕೆ ಚಾನಲ್ ಏರಿ, ಬಲಕ್ಕೆ ಹಳೆಯ ದಾರಿ. ಓಬಣ್ಣ ಮೊದಲೇ ಹೇಳಿಟ್ಟಿದ್ದರಿಂದ ಹಲಗೆಯವರು ಎಡಕ್ಕೆ ಹೊರಳಿದರು. ಚಟ್ಟವೂ ಹೊರಳಿತು.

ತಿಪ್ಪೇಶಪ್ಪ ಹೊರಳಲಿಲ್ಲ. ಕವಲಿನಲ್ಲಿ ನಿಂತ. ಮಂಡಕ್ಕಿಯ ಮೊರವನ್ನು ನೆಲಕ್ಕಿಟ್ಟು, ಬಲಗಡೆ ನಡೆಯತೊಡಗಿದ.

"ಅಣ್ಣ, ಅತ್ಲಾಗಲ್ಲ!" ಓಬಣ್ಣ ಹೆಗಲ ಮೇಲಿನ ಭಾರದಲ್ಲೇ ಕೂಗಿದ. ಅವನು ನಿಲ್ಲಲಿಲ್ಲ. ಹಲಗೆಯ ಸದ್ದು ತಡವರಿಸಿತು. ಏನು ಮಾಡುವುದೆಂದು ತಿಳಿಯದೆ ಎಲ್ಲರೂ ಅವನ ಹಿಂದೆಯೇ ಬಂದರು.

ಜಾಲಿಮುಳ್ಳಿನ ಬೇಲಿ ಎದೆಯೆತ್ತರ ಇತ್ತು. ಅದರಾಚೆ ಮಹೇಶ್ವರಪ್ಪ ನಿಂತಿದ್ದ. ಕೈಯಲ್ಲಿ ಸೇವಂತಿಗೆ ಹಾರವಿತ್ತು. ಅವನೇನೂ ಕೆಟ್ಟವನಲ್ಲ. ಹೆಣ ಚಾನಲ್ ಏರಿಯ ಮೇಲೆ ಹೋಗುವಾಗ ಹಾರ ಹಾಕಿ ಕೈಮುಗಿಯೋಣ ಎಂದು ಬಂದಿದ್ದ. ಆಕೆಯ ಬಾಯಿಗೆ ಬಿದ್ದವರಲ್ಲಿ ತನಗೇ ಹೆಚ್ಚು ಪಾಲು ಎಂದು ಅವನು ನಲ್ಲೂರಿನ ಹೋಟೆಲಿನಲ್ಲಿ ಕೂತು ನಗುನಗುತ್ತಾ ಹೇಳುವುದಿತ್ತು.

"ಏನಪ್ಪ ತಿಪ್ಪೇಶಪ್ಪ, ಓಬಣ್ಣ ಹೇಳ್ಲಿಲ್ವಾ?" ಎಂದ ಮೆತ್ತಗೆ. "ಒಳ್ಳೆ ಹೆಂಗಸು, ಹಿಂಗಾಗಬಾರದಿತ್ತು. ಇದೊಂದು ಸಲ ಏರಿ ಮೇಲೆ ಹೋಗ್ರಪ್ಪ. ಬದು ಹಸಿ ಐತೆ. ನೀನಂತೂ ತಿಳಿದೋನು."

"ಹೂಂ ಗೌಡ್ರೆ," ಎಂದ ತಿಪ್ಪೇಶಪ್ಪ. ಅಭ್ಯಾಸ. ಅದರ ಹಿಂದೆಯೇ 'ಹೋಗ್ಲಿ ಬಿಡ್ರಿ' ಎಂಬುದೂ ತುಟಿಯವರೆಗೆ ಬಂತು. ಅಲ್ಲೇ ನಿಂತಿತು.

"ಬೇಲಿ ತೆಗೀರಿ."

"ಏನಂದೆ?"

"ಬೇಲಿ ತೆಗೀರಿ ಅಂದೆ!"

ದನಿ ಒಡೆದು ಚೀರಿದಂತಾಯಿತು. ಹಲಗೆ ನಿಂತಿತು. ತಿಪ್ಪೇಶಪ್ಪನ ಮುಖ ಕೆಂಪೇರಿತು, ಕತ್ತಿನ ನರ ಉಬ್ಬಿದವು.

"ನಿನ್... ನಿನ್ ಬೇಲಿಗೆ ಗೆದ್ಲು ಹತ್ತಾ!"

ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಮಹೇಶ್ವರಪ್ಪನ ಬಾಯಿ ತೆರೆದುಕೊಂಡಿತು. ಆ ಬೈಗಳು ಅವನಿಗೆ ಹೊಸದಲ್ಲ. ಯಾವ ಬಾಯಿಂದ ಬಂತೋ ಅದು ಹೊಸದು.

ತಿಪ್ಪೇಶಪ್ಪ ಮುಂದೆ ಹೇಳಲು ಬಾಯಿ ತೆರೆದ. ಏನೂ ಹೊರಡಲಿಲ್ಲ. ಮತ್ತೆ ತೆರೆದ. ಇಷ್ಟು ವರ್ಷ ಅವಳು ಇಲ್ಲಿ ಕೂಗಾಡುವಾಗಲೆಲ್ಲ ಅವನು ಗುಂಪಿನ ಕಟ್ಟಕಡೆಯಲ್ಲಿ ನಾಚಿಕೆಯಿಂದ ತಲೆ ತಗ್ಗಿಸಿಕೊಂಡು, ಯಾವಾಗ ಮುಗಿದೀತು ಎಂದು ಕಾಯುತ್ತಿದ್ದ. ಕಿವಿಗೊಟ್ಟು ಕೇಳಿರಲೇ ಇಲ್ಲ. ಈಗ ಅವನು ಹಿಂದಕ್ಕೆ ತಿರುಗಿ ಮಗಳನ್ನು ಹುಡುಕಿದ. ಕಣ್ಣಿಂದ ನೀರು ಸುರಿಯುತ್ತಿತ್ತು.

"ಸುಂಕ್ಲವ್ವಾ, ಆಮೇಲೆ ಏನವ್ವಾ? ಗೆದ್ಲು ಆದ್ಮೇಲೆ ನಿಮ್ಮವ್ವ ಏನಂತಿದ್ಲು?"

ಸುಂಕಲಮ್ಮ ಮುಂದೆ ಬಂದಳು. ಬಿದ್ದುಹೋದ ದನಿಯಲ್ಲೇ ಹೇಳಿದಳು. "ನಿನ್ ಪಂಪ್‌ಸೆಟ್ಟು ಹಬ್ಬದ ದಿನ ಕೆಟ್ಟು ನಿಲ್ಲಾ..."

"ಹಾಂ! ನಿನ್ ಪಂಪ್‌ಸೆಟ್ಟು ಹಬ್ಬದ ದಿನ ಕೆಟ್ಟು ನಿಲ್ಲಾ!"

"ನಿನ್ ಮೆಟ್ಟು ಒಂದೊಂದು ಒಂದೊಂದು ಊರಾಗೆ ಕಳೆದುಹೋಗಾ," ಎಂದಳು ತಾಜ್‌ಬೀ.

"ನಿನ್ ಮೆಟ್ಟು ಒಂದೊಂದು ಒಂದೊಂದು ಊರಾಗೆ ಕಳೆದುಹೋಗಾ!"

"ನಿನ್ ಉಪ್ಪಿನ ಗಡಿಗೆ ಸೋರಾ," ಎಂದಳು ಗಾದ್ರಮ್ಮ ಇದ್ದಕ್ಕಿದ್ದಂತೆ. ಎಲ್ಲರೂ ಆಕೆಯತ್ತ ನೋಡಿದರು. "ಅದು ನಮ್ಮವ್ವಂದು," ಎಂದು ಆಕೆ ಬಿಕ್ಕಿ ಬಿಕ್ಕಿ ಅತ್ತಳು. "ನಮ್ಮವ್ವ ಹಂಗೇ ಬೈತಿದ್ಲು."

ಆಮೇಲೆ ಯಾರೂ ಸರದಿ ಕಾಯಲಿಲ್ಲ. ಒಬ್ಬೊಬ್ಬ ಹೆಂಗಸಿಗೂ ಅಂತರಘಟ್ಟಮ್ಮನ ಒಂದೊಂದು ಬೈಗಳು ಬಾಯಿಪಾಠವಿತ್ತು. ಹೆಣದ ಮುಂದೆ ಹಾಡಿಕೊಂಡು ಅಳುವ ರಾಗದಲ್ಲೇ ಅವನ್ನು ಒಂದರ ಹಿಂದೊಂದು ಎತ್ತಿ ಹೇಳುತ್ತಾ ಅತ್ತರು. ನಿನ್ ಎಮ್ಮೆ ಕರೆಯೋವಾಗ ಒದೆಯಾ, ನನ್ನವ್ವಾ. ನಿನ್ ಸೂರು ನಿನ್ನ ತಲೆ ಮೇಲೇ ಸೋರಾ, ನನ್ನ ತಾಯೀ. ಹಲಗೆಯವರಿಗೆ ಏನನ್ನಿಸಿತೋ, ಆ ರಾಗಕ್ಕೆ ತಕ್ಕಂತೆ ಮೆಲ್ಲಗೆ ಬಡಿಯತೊಡಗಿದರು.

"ಸಾಕು ಮಾರಾಯ, ತೆಗೀತೀನಿ," ಎಂದ ಮಹೇಶ್ವರಪ್ಪ. ಆಳನ್ನು ಕರೆಯಲಿಲ್ಲ. ಹಾರವನ್ನು ತೋಳಿಗೆ ಏರಿಸಿಕೊಂಡು ತಾನೇ ಬಗ್ಗಿ ಮುಳ್ಳುಕಂಟಿ ಎಳೆದ. ಈಚೆಯಿಂದ ತಿಪ್ಪೇಶಪ್ಪ ಬರಿಗೈಯಲ್ಲಿ ಒಂದು ದೊಡ್ಡ ಕಂಟಿಯನ್ನು ಹಿಡಿದು ಪಕ್ಕಕ್ಕೆ ಜಗ್ಗಿದ, ಜಗ್ಗಿ ಹಿಡಿದುಕೊಂಡೇ ನಿಂತ. ಹೆಣ ಒಳಗೆ ಬಂತು. ಮಹೇಶ್ವರಪ್ಪ ಹಾರ ಹಾಕಿ ಕೈಮುಗಿದ. ನಾಟಿ ಮಾಡಿದ್ದ ಜನವೇ ಆದ್ದರಿಂದ ಒಂದು ಸಸಿಯನ್ನೂ ತುಳಿಯದೆ, ಹಸಿ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ಹೆಜ್ಜೆ ನೋಡಿ ಇಡುತ್ತಾ ದಾಟಿದರು. ಹೆಂಗಸರೂ ದಾಟಿದರು. ಅಳುವಿನ ರಾಗ ಗದ್ದೆಯ ಆಚೆ ದಂಡೆಗೆ ಹೋಯಿತು.

ಬೇಲಿಯ ಸಂದಿಯಲ್ಲಿ ತಿಪ್ಪೇಶಪ್ಪ ಇನ್ನೂ ನಿಂತಿದ್ದ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಹಿಡಿದ ಕಂಟಿಯ ಜತೆ ಅವನ ಇಡೀ ಮೈ ಅದುರುತ್ತಿತ್ತು.

"ನಡಿಯಪ್ಪ, ಮಣ್ಣು ಹಾಕಾಕೆ ಹೊತ್ತಾತು," ಎಂದ ಮಹೇಶ್ವರಪ್ಪ.

ತಿಪ್ಪೇಶಪ್ಪನಿಗೆ ಕೇಳಿಸಲಿಲ್ಲ. ಅವನು ಬೈಯುತ್ತಿದ್ದ. ಗೆದ್ದಲು ಮುಗಿದು, ಪಂಪ್‌ಸೆಟ್ಟು ಮುಗಿದು, ಸೀಮೆಎಣ್ಣೆಗೆ, ಕದ್ದ ನೀರಿಗೆ, ಒಂದು ಮೊಳ ಈಚೆ ಬಂದ ಗೋಡೆಗೆ, ಹೇಳದೆ ಕೇಳದೆ ನಿಂತುಹೋದ ಅವಳ ಎದೆಗೆ, ಒಂದನ್ನೂ ಬಿಡದೆ, ತೊದಲುತ್ತಾ, ಏದುಸಿರು ಬಿಡುತ್ತಾ ಬೈಯುತ್ತಿದ್ದ. ಮಹೇಶ್ವರಪ್ಪ ತಲೆಯ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಅಷ್ಟನ್ನೂ ತನಗೇ ಎಂಬಂತೆ ಕೇಳುತ್ತಾ ನಿಂತ.